ಕಪ್ಪು ಬಳಿದ ಹೆಡ್‌ಲೈಟು

ಹೆಡ್‌ಲೈಟಿಗೆ ಕಪ್ಪು ಬಳಿಯುವುದು ಶೋಕಿಯಾಗುವುದಕ್ಕೆ ಮೊದಲು ಯುದ್ಧಕಾಲದ ಕಾನೂನಾಗಿತ್ತು. 1939ರ ಸೆಪ್ಟೆಂಬರ್ 1ರಂದು ಬ್ರಿಟನ್ನಿನಲ್ಲಿ ಬ್ಲ್ಯಾಕೌಟ್ ಜಾರಿಯಾಯಿತು. ಶತ್ರು ವಿಮಾನಗಳಿಗೆ ಊರು ಕಾಣಬಾರದೆಂದು ಮನೆಯ ದೀಪಗಳ ಜೊತೆಗೆ ವಾಹನದ ದೀಪಗಳನ್ನೂ ಮುಚ್ಚಿಸಿದರು. ಒಂದು ಹೆಡ್‌ಲೈಟಿನ ಬಲ್ಬು ಕಿತ್ತಿಡಬೇಕಿತ್ತು, ಇನ್ನೊಂದಕ್ಕೆ ಅಡ್ಡ ಸೀಳುಗಳಿರುವ ಲೋಹದ ಮುಸುಕು ತೊಡಿಸಬೇಕಿತ್ತು. ಸೀಳುಗಳಿಂದ ಹೊರಟ ಮಂದ ಬೆಳಕು ನೆಲದ ಮೇಲಷ್ಟೇ ಬೀಳುತ್ತಿತ್ತು. ಎದುರಿನವರಿಗೆ ಗಾಡಿ ಬರುವುದು ತಿಳಿಯಲೆಂದು ಬಂಪರಿಗೆ ಬಿಳಿ ಬಣ್ಣ ಬಳಿದರು. 1940ರಲ್ಲಿ ರಾತ್ರಿ ಹೊತ್ತು ಊರೊಳಗಿನ ವೇಗವನ್ನು ಗಂಟೆಗೆ 20 ಮೈಲಿಗೆ ಇಳಿಸಿದರು. ಆದರೂ 1941ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಭಾರತದಲ್ಲಿ 1971ರ ಯುದ್ಧದ ದಿನಗಳಲ್ಲಿ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿಸಲಾಯಿತು. ಕರ್ನಾಟಕದ ಲಾರಿ, ಬಸ್ಸುಗಳ ಮೇಲೆ ಆಮೇಲೆಯೂ ಕಂಡ ಅರ್ಧ ಕಪ್ಪಿನ ಉದ್ದೇಶ ಬೇರೆ: ಎದುರು ಬರುವವರ ಕಣ್ಣು ಕುಕ್ಕಬಾರದು. ಉದ್ದೇಶ ಒಳ್ಳೆಯದೇ. ಆದರೆ ದೀಪದ ಕೋನ ಸರಿಪಡಿಸಿ, ಎದುರು ಗಾಡಿ ಬಂದಾಗ ಡಿಮ್ ಮಾಡಿದರೆ ಆಗುವಷ್ಟು ಉಪಕಾರ ಕಪ್ಪು ಬಣ್ಣದಿಂದ ಆಗುವುದಿಲ್ಲ.

ಅಂದಕ್ಕಾಗಿ ಕಪ್ಪು ಮಾಡುವ ಹುಚ್ಚು ಹಿಡಿಯಲು ದೀಪದ ರಚನೆಯೇ ಬದಲಾಗಬೇಕಿತ್ತು. ಅಮೆರಿಕದಲ್ಲಿ 1940ರ ಮಾದರಿಗಳಿಂದ ಏಳು ಅಂಗುಲದ ದುಂಡನೆಯ ಸೀಲ್ಡ್ ಬೀಮ್ ದೀಪ ಕಡ್ಡಾಯವಾಯಿತು. ಗಾಜು, ರಿಫ್ಲೆಕ್ಟರ್, ತಂತಿ ಎಲ್ಲ ಸೇರಿ ಒಂದೇ ಮುಚ್ಚಿದ ಬುರುಡೆ. ಕೆಟ್ಟರೆ ಇಡಿಯಾಗಿ ಬದಲಾಯಿಸುವುದು. ಅದರಲ್ಲಿ ಕೈಯಾಡಿಸಲು ಏನೂ ಇರಲಿಲ್ಲ. 1983ರಲ್ಲಿ ನಿಯಮ ಸಡಿಲಿ, 1984ರ ಲಿಂಕನ್ ಮಾರ್ಕ್ VII ಕಾರು ಬಲ್ಬು ಮಾತ್ರ ಬದಲಾಯಿಸಬಹುದಾದ ದೀಪದೊಂದಿಗೆ ಅಲ್ಲಿನ ಮಾರುಕಟ್ಟೆಗೆ ಬಂತು. ಗಾಜಿನ ಜಾಗಕ್ಕೆ ಬಂದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕನ್ನು ಕಾರಿನ ಮೈಗೆ ಹೊಂದುವಂತೆ ಹೇಗೆ ಬೇಕಾದರೂ ಬಾಗಿಸಬಹುದಿತ್ತು. ಬೆಳಕನ್ನು ಹರಡುವ ಕೆಲಸ ರಿಫ್ಲೆಕ್ಟರಿಗೆ ಸೇರಿದ ಮೇಲೆ ಮುಂದಿನ ಹೊದಿಕೆ ಗೀರುಗಳಿಲ್ಲದೆ ತಿಳಿಯಾಯಿತು, ಒಳಗಿನದೆಲ್ಲ ಕಾಣತೊಡಗಿತು. ಕಾಣುವುದನ್ನು ಸಿಂಗರಿಸುವವರಿಗೆ ಬರವೇ? ಕ್ಯಾಲಿಫೋರ್ನಿಯಾದಲ್ಲಿ ಹೋಂಡಾ ಸಿವಿಕ್‌ನಂಥ ಜಪಾನಿ ಕಾರುಗಳನ್ನು ಮಾರ್ಪಡಿಸುತ್ತಿದ್ದ ಹುಡುಗರು 1990ರ ದಶಕದಲ್ಲಿ ದೀಪ ಸಿಂಗರಿಸುವುದನ್ನು ದೊಡ್ಡ ಫ್ಯಾಷನ್ ಮಾಡಿದರು. ಶೋಕಿ ಹಿಂದಿನ ದೀಪಗಳಿಗೂ ಹಬ್ಬಿತು: 1998ರ ಟೊಯೋಟಾ ಆಲ್ಟೆಟ್ಸಾ ಕಾರಿನ ಹಿಂದಿನ ದೀಪಗಳನ್ನು ಅನುಕರಿಸಿದ ಬಿಡಿಭಾಗಗಳು ಬೇರೆ ಕಾರುಗಳಿಗೂ ತಯಾರಾದವು.

ಕಪ್ಪು ಮಾಡುವ ದಾರಿ ಮೂರು. ಫಿಲಂ ಅಂಟಿಸುವುದು ಸುಲಭ, ಬೇಡವಾದರೆ ಕಿತ್ತು ಹಾಕಬಹುದು. ಪಾರದರ್ಶಕ ಕಪ್ಪು ಸ್ಪ್ರೇ ಹೊಡೆಯುವುದು ಎರಡನೆಯದು. ಬಣ್ಣ ಹಿಡಿಯಲೆಂದು ಹೊದಿಕೆಯನ್ನು ಮರಳು ಕಾಗದದಿಂದ ಉಜ್ಜಿದರೆ, ಬಿಸಿಲಿನಿಂದ ಕಾಪಾಡುವ ಗಟ್ಟಿ ಲೇಪವೂ ಸವೆಯುತ್ತದೆ. ಮುಂದೆ ಪ್ಲಾಸ್ಟಿಕ್ ಹಳದಿಗಟ್ಟುತ್ತದೆ. ಮೂರನೆಯದು ನುರಿತ ಕೈಯ ಕೆಲಸ. ದೀಪವನ್ನು ಕಳಚಿ, ಹದವಾದ ಬಿಸಿಯ ಓವನ್‌ನಲ್ಲಿಟ್ಟರೆ ಅಂಚಿನ ಬ್ಯುಟೈಲ್ ಅಂಟು ಮೆತ್ತಗಾಗಿ ಹೊದಿಕೆ ಬಿಡಿಸಿಕೊಳ್ಳುತ್ತದೆ. ರಿಫ್ಲೆಕ್ಟರ್ ಮುಟ್ಟದೆ ಅದರ ಸುತ್ತಲಿನ ಬೆಳ್ಳಿ ಬಣ್ಣದ ಚೌಕಟ್ಟಿಗೆ ಮಾತ್ರ ಕಪ್ಪು ಬಳಿದು ಮತ್ತೆ ಅಂಟಿಸುತ್ತಾರೆ. ಅಂಟಿನಲ್ಲಿ ಸಣ್ಣ ಬಿರುಕು ಉಳಿದರೂ ಮಳೆಗಾಲದಲ್ಲಿ ಒಳಗೆ ತೇವ ಕೂರುತ್ತದೆ. ಮೂರರಲ್ಲಿ ಬೆಳಕನ್ನು ಹೆಚ್ಚುಕಡಿಮೆ ಹಾಗೇ ಉಳಿಸುವುದು ಇದೊಂದೇ.

ಫಿಲಂ ಹಾಕಿದ ದೀಪ ಹಗಲಲ್ಲಿ ಅಷ್ಟು ಗಾಢವಾಗಿ ಕಾಣುವುದಕ್ಕೆ ಕಾರಣವಿದೆ. ಅರ್ಧ ಬೆಳಕನ್ನು ಬಿಡುವ ಫಿಲಂ ಎಂದುಕೊಂಡರೆ, ಹೊರಗಿನ ಬೆಳಕು ಒಳಹೋಗುವಾಗ ಅರ್ಧ, ಮರಳುವಾಗ ಮತ್ತರ್ಧ ಕಳೆದು ಕಾಲು ಭಾಗವಷ್ಟೇ ಕಣ್ಣಿಗೆ ಬರುತ್ತದೆ. ರಾತ್ರಿ ಬಲ್ಬಿನ ಬೆಳಕು ಒಮ್ಮೆ ಮಾತ್ರ ಅದನ್ನು ದಾಟುತ್ತದೆ, ಹಾಗಾಗಿ ನಷ್ಟ ಅರ್ಧ. ಆ ಅರ್ಧವೂ ಕತ್ತಲ ರಸ್ತೆಯಲ್ಲಿ ಕಡಿಮೆಯೇನಲ್ಲ.

ಬೆಳಕನ್ನು ಎದ್ದು ಕಾಣುವಷ್ಟು ತಗ್ಗಿಸುವ ಲೇಪ ಹೊದಿಕೆಯ ಮೇಲಿದ್ದರೆ ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಗಾಡಿ ಪಾಸಾಗುವುದಿಲ್ಲ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅಂಥ ಪ್ರತಿ ಮಾರ್ಪಾಡಿಗೆ ಮಾಲೀಕರು 5,000 ರೂಪಾಯಿ ದಂಡ ತೆರಬೇಕಾಗಬಹುದು, ಆರು ತಿಂಗಳವರೆಗೆ ಜೈಲೂ ಆಗಬಹುದು.