ಹಾಡಿಯ ಆಟ, ಕೋರ್ಟಿನ ಕಾಗದ

ಕುಂದಾಪುರದ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವನು ನಾನು. ಜುಗಾರಿ ಎಂದರೆ ನನಗೆ ಮುದ್ದೆಮಾಲು: 52 ಇಸ್ಪೀಟು ಎಲೆ, ನೆಲಕ್ಕೆ ಹಾಸಿದ ಹಳೇ ಪೇಪರು, ಬೆವರು ಹೀರಿದ ನೋಟುಗಳು. ಬೈಂದೂರು, ಶಂಕರನಾರಾಯಣ, ಗಂಗೊಳ್ಳಿ, ಠಾಣೆ ಯಾವುದೇ ಇರಲಿ, ಪಂಚನಾಮೆಯ ಒಕ್ಕಣೆ ಒಂದೇ. ಹಾಡಿಯಲ್ಲಿ, ಎಂದರೆ ಊರ ಬದಿಯ ಕುರುಚಲು ಕಾಡಿನಲ್ಲಿ, ಸುತ್ತ ಕೂತು 'ಅಂದರ್ ಬಾಹರ್' ಆಡುತ್ತಿದ್ದರು. ಒಂದು ಎಲೆ ಎತ್ತಿ ಇಡುತ್ತಾರೆ. ಅದರ ಜೋಡಿ ಒಳಗೆ ಬೀಳುತ್ತದೋ ಹೊರಗೋ ಎಂದು ಹಣ ಕಟ್ಟುತ್ತಾರೆ. ಪೋಕರಿನಂತೆ ಎದುರಿನವನ ಮುಖ ಓದುವ ಕಷ್ಟವಿಲ್ಲ.

ಹಾಡಿಯೇ ಯಾಕೆ? ನೆರಳಿಗೆ ಮಾತ್ರ ಅಲ್ಲ. 1963ರ ಪೊಲೀಸ್ ಕಾಯ್ದೆಯಲ್ಲಿ ಮನೆಯೊಳಗೆ ಆಟ ಕೂರಿಸಿ ಪಾಲು ತೆಗೆದರೆ 79, 80ನೇ ಕಲಂ. ಬಯಲಲ್ಲಿ ಸಿಕ್ಕಿದರೆ 87, ಹಗುರ. ಅದೂ ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಈ ಅನುಮತಿ ತಪ್ಪಿದ್ದಕ್ಕೇ ಹೈಕೋರ್ಟಿನಲ್ಲಿ ಎಷ್ಟೋ ಕೇಸು ಬಿದ್ದುಹೋಗಿವೆ. ಕಾಗದ ಹಿಡಿದು ನನ್ನ ಮೇಜಿನ ಮುಂದೆ ನಿಂತ ಪೇದೆ ಹೇಳುತ್ತಿದ್ದ: "ನಾವ್ ಹ್ವಾಪತಿಗೆ ಎಲ್ಲ ಓಡಿ ಆಯ್ತ್ ಮಾರಾಯ್ರೆ." ಸಹಿಗೂ ಹಾಡಿಗೂ ನಡುವಿನ ಆ ದಾರಿಯಲ್ಲೇ ನಮ್ಮ ಕಡೆಯ ಜುಗಾರಿ ಬದುಕಿತು.

ಹಿಂದೆ ಇನ್ನೂ ಸಲೀಸು. 1956ರ ತನಕ ಶಿರೂರಿನ ಈಚೆ ಮದರಾಸು, ಆಚೆ ಭಟ್ಕಳದಿಂದ ಮುಂಬಯಿ. ಇಲ್ಲಿ 1930ರ ಮದರಾಸು ಜೂಜು ಕಾಯ್ದೆ, ಅಲ್ಲಿ 1887ರ ಮುಂಬಯಿ ಕಾಯ್ದೆ. ಗಡಿ ದಾಟಿದವನನ್ನು ಈ ಠಾಣೆಯವರು ಅಟ್ಟಿಸಿಕೊಂಡು ಹೋಗುತ್ತಿದ್ದರೆಂದು ನಾನಂತೂ ನಂಬುವುದಿಲ್ಲ. ಆ ಕಾಲದಲ್ಲೇ ಕೋಟದ ಕಾರಂತರು 'ಮರಳಿ ಮಣ್ಣಿಗೆ' ಕಾದಂಬರಿಯ ಲಚ್ಚನಿಂದ ಅಪ್ಪನ ಆಸ್ತಿಯನ್ನು ಜುಗಾರಿಯಲ್ಲಿ ಕರಗಿಸಿದ್ದು.

1962ರಲ್ಲಿ ಮುಂಬಯಿಯಲ್ಲಿ ಕಲ್ಯಾಣ್ ಮಟ್ಕಾ ಶುರುವಾಯಿತು. ನಮ್ಮ ಹೋಟೆಲ್ ಮಾಣಿಗಳು ತುಂಬಿದ್ದ ಊರು ಅದು. ಓಪನ್, ಕ್ಲೋಸಿನ ನಂಬರು ಇಲ್ಲಿಗೆ ಬಾರದೆ ಇರುತ್ತದೆಯೇ! ಮಟ್ಕಾಕ್ಕೆ ಕೂರುವ ಜಾಗವೂ ಬೇಡ. ಚೀಟಿ ಬರೆಯುವವನೊಬ್ಬ ಸಾಕು.

ಪೇಟೆಯ ಆಟಕ್ಕೆ ನ್ಯಾಯಾಲಯವೇ ಕುರ್ಚಿ ಹಾಕಿಕೊಟ್ಟಿತು. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯಲ್ಲಿ ಜಾಣ್ಮೆಯೇ ಹೆಚ್ಚು ಎಂದಿತು. ಮೂರೆಲೆ ಆಟವನ್ನು ಅದೇ ತೀರ್ಪಿನಲ್ಲಿ ಅದೃಷ್ಟದ ಕಡೆಗೆ ತಳ್ಳಿತು. 2013ರಲ್ಲಿ ಕರ್ನಾಟಕ ಹೈಕೋರ್ಟು ಜಾಣ್ಮೆಯ ಆಟವಾಗಿ ಆಡಿದರೆ ಪೋಕರಿಗೆ ಲೈಸೆನ್ಸು ಬೇಡ ಎಂದ ಮೇಲೆ ಬೆಂಗಳೂರಿನ ಕ್ಲಬ್ಬುಗಳಲ್ಲಿ ಮೇಜುಗಳು ಬಂದವು. ಲಕ್ಷ ಕಳೆಯುವವನಿಗೆ ಜಾಣ್ಮೆ, ನೂರು ಕಳೆಯುವವನಿಗೆ ಕಲಂ 87. ನ್ಯಾಯದ ತರ್ಕ ಸರಿಯೇ ಇರಬಹುದು. ದಂಡ ಕಟ್ಟಲು ಸಾಲಿನಲ್ಲಿ ನಿಂತ ಕೂಲಿಯವರನ್ನು ನೋಡಿದವನಿಗೆ ಅದು ರುಚಿಸುವುದಿಲ್ಲ.

ಮೊಬೈಲು ಬಂದ ಮೇಲೆ ಹುಡುಗರು ಕೋಣೆಯಲ್ಲೇ ಪೋಕರ್ ಕೂತರು. 2025ರ ಆಗಸ್ಟಿನ ಕೇಂದ್ರ ಕಾಯ್ದೆ ಜಾಣ್ಮೆಯೋ ಅದೃಷ್ಟವೋ ಎಂದು ಕೇಳದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಹಾಡಿಯ ಅಂದರ್ ಬಾಹರಿಗೆ ಇದು ತಾಗುವುದಿಲ್ಲ. ಅಲ್ಲಿಗೆ ಹೋಗಲು ಪೊಲೀಸರಿಗೆ ಈಗಲೂ ಮೊದಲು ಕೋರ್ಟಿನ ಕಾಗದ ಬೇಕು.