ಗಂಜಿಯ ಊರಲ್ಲಿ ಗೋಧಿಯ ಕಾಯಿಲೆ

"ಗೋಧಿ ತಿಂದು ಯಾರಿಗಾದರೂ ಕಾಯಿಲೆ ಬರ್ತದಾ ಮಾರಾಯ್ರೆ?"

ಸೀಲಿಯಾಕ್ ಕಾಯಿಲೆಯ ಬಗ್ಗೆ ಮಾತೆತ್ತಿದಾಗಲೆಲ್ಲ ಮಂಗಳೂರಿನಲ್ಲಿ ನನಗೆ ಸಿಗುವ ಮೊದಲ ಪ್ರಶ್ನೆ ಇದು. ಕೇಳುವವರ ತಪ್ಪೇನಿಲ್ಲ. ನಮ್ಮಲ್ಲಿ ಗೋಧಿ ಅಂದರೆ ಪಥ್ಯ. ಸಕ್ಕರೆ ಕಾಯಿಲೆ ಬಂತೋ, ರಾತ್ರಿ ಅನ್ನ ಬಿಟ್ಟು ಎರಡು ಚಪಾತಿ. ಹೊಟ್ಟೆ ಮುಂದೆ ಬಂತೋ, ಮತ್ತೆ ಚಪಾತಿ. ಅಂಥ ಗೋಧಿಯ ಮೇಲೆ ಅಪವಾದ ಹೊರಿಸಿದರೆ ಯಾರು ನಂಬುತ್ತಾರೆ ಹೇಳಿ?

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನ್ ಉಂಟು. ಹಿಟ್ಟು ನಾದಿದಾಗ ಅಂಟಂಟಾಗಿ ಎಳೆ ಬರುವುದು ಅದರಿಂದಲೇ. ಕೆಲವರ ದೇಹ ಈ ಗ್ಲುಟೆನ್ ಬಂದಾಗ ತನ್ನ ಸಣ್ಣ ಕರುಳಿನ ಒಳಪದರದ ಮೇಲೆಯೇ ದಾಳಿ ಮಾಡುತ್ತದೆ. ಆಹಾರದ ಸಾರ ಹೀರುವ ಬೆರಳಿನಂಥ ಪುಟ್ಟ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ತಿಂದದ್ದು ಮೈಗೆ ಹತ್ತುವುದಿಲ್ಲ. ಭೇದಿ, ರಕ್ತಹೀನತೆ, ಬೆಳೆಯದ ಮಕ್ಕಳು, ಟೊಳ್ಳು ಮೂಳೆ... ಒಬ್ಬೊಬ್ಬರಲ್ಲಿ ಒಂದೊಂದು ವೇಷ. ಇದು ಅಲರ್ಜಿ ಅಲ್ಲ, ಅಂಟುರೋಗವೂ ಅಲ್ಲ. ಇದಕ್ಕೆ ಇವತ್ತಿಗೂ ಮಾತ್ರೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ದಾರಿ.

ಈ ಸರಳ ದಾರಿ ಸಿಗಲು ವೈದ್ಯಲೋಕಕ್ಕೆ ಎಷ್ಟು ಕಾಲ ಹಿಡಿಯಿತು ನೋಡಿ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿ ಕಪಡೋಸಿಯಾದ ಅರಿಟೇಯಸ್ ಎಂಬ ಗ್ರೀಕ್ ವೈದ್ಯ, ತಿಂದದ್ದು ಜೀರ್ಣವಾಗದೆ ಸೊರಗುವವರ ಬಗ್ಗೆ ಬರೆದಿದ್ದ. ಗ್ರೀಕ್ ಭಾಷೆಯಲ್ಲಿ ಹೊಟ್ಟೆಗೆ ಇರುವ ಪದದಿಂದಲೇ ಸೀಲಿಯಾಕ್ ಎಂಬ ಹೆಸರು ಬಂತು. ಆಮೇಲೆ ಕತೆ ಮುಂದುವರಿಯುವುದು ಲಂಡನ್ನಿನಲ್ಲಿ, 1888ರಲ್ಲಿ. ಸ್ಯಾಮುಯೆಲ್ ಗೀ ಎಂಬ ವೈದ್ಯರು ಈ ಕಾಯಿಲೆಯನ್ನು ವಿವರವಾಗಿ ಬರೆದು, ಗುಣವಾಗುವುದಿದ್ದರೆ ಊಟದ ಪಥ್ಯದಿಂದಲೇ ಎಂದು ಸರಿಯಾಗಿ ಊಹಿಸಿದರು. ಆದರೆ ಯಾವ ಪಥ್ಯ? ಅಲ್ಲೇ ಎಡವಟ್ಟು. ಅವರು ಬೇಡವೆಂದ ಪಟ್ಟಿಯಲ್ಲಿ ಅಕ್ಕಿ ಇತ್ತು! ತೆಳ್ಳಗೆ ಕೊಯ್ದು ಎರಡೂ ಬದಿ ಸುಟ್ಟ ಬ್ರೆಡ್ ಆಗಬಹುದು ಎಂದಿದ್ದರು. ಮಂಗಳೂರಿನ ಯಾವ ಅಜ್ಜಿಯೂ ಹೊಟ್ಟೆ ಕೆಟ್ಟ ಮಗುವಿಗೆ ಗಂಜಿ ಬಿಡಿಸಿ ಬ್ರೆಡ್ ಕೊಡುತ್ತಿರಲಿಲ್ಲ ಬಿಡಿ :-)

ಗೀ ಅವರ ಬರಹದಲ್ಲಿ ಇನ್ನೊಂದು ಮಜಾ ಸಂಗತಿ ಉಂಟು. ಒಂದು ಮಗುವಿಗೆ ದಿನಾ ಹಾಲೆಂಡಿನ ಚಿಪ್ಪುಮೀನು (ನಮ್ಮ ಪಚ್ಚಿಲೆ ಜಾತಿಯದ್ದು) ತಿನ್ನಿಸಿದರಂತೆ. ಮಗು ಚೆನ್ನಾಗಿ ಚೇತರಿಸಿಕೊಂಡಿತು. ಸೀಸನ್ ಮುಗಿದಾಗ ಮತ್ತೆ ಸೊರಗಿತು. ಮುಂದಿನ ವರ್ಷ ಎಷ್ಟು ಕೊಟ್ಟರೂ ಅದು ಮುಟ್ಟಲಿಲ್ಲ! ಹೊಟ್ಟೆ ತುಂಬಾ ಚಿಪ್ಪುಮೀನು ತಿಂದವರಿಗೆ ಬ್ರೆಡ್ಡಿಗೆ ಎಷ್ಟು ಜಾಗ ಉಳಿದೀತು ಅಂತ ಇವತ್ತು ನಮಗೆ ಹೊಳೆಯುತ್ತದೆ. ಅವತ್ತು ಯಾರಿಗೂ ಹೊಳೆಯಲಿಲ್ಲ.

1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ಮಕ್ಕಳ ವೈದ್ಯರು ಬಾಳೆಹಣ್ಣಿನ ಪಥ್ಯ ಶುರು ಮಾಡಿದರು. ಬ್ರೆಡ್, ಬಟಾಟೆ ಎಲ್ಲ ಬಂದ್, ಬಾಳೆಹಣ್ಣು ಧಾರಾಳ. ಮಕ್ಕಳು ಬದುಕಿಕೊಂಡರು. ಹೊಗಳಿಕೆ ಮಾತ್ರ ಬಾಳೆಹಣ್ಣಿಗೆ ಹೋಯಿತು, ಬ್ರೆಡ್ ಬಿಟ್ಟದ್ದಕ್ಕೆ ಅಲ್ಲ. ನಮ್ಮ ಮಂಗಳೂರು ಬನ್ಸ್ ನೆನಪಾಗುತ್ತದೆ ನನಗೆ. ಅದರಲ್ಲಿ ಬಾಳೆಹಣ್ಣೂ ಉಂಟು, ಮೈದಾವೂ ಉಂಟು. ಮದ್ದೂ ವಿಷವೂ ಒಂದೇ ಬಾಣಲೆಯಲ್ಲಿ!

ನಿಜವಾದ ಉತ್ತರ ಬಂದದ್ದು ಹಾಲೆಂಡಿನಿಂದ. ಹೇಗ್ ನಗರದ ಮಕ್ಕಳ ಆಸ್ಪತ್ರೆಯ ವಿಲ್ಲೆಮ್ ಕಾರೆಲ್ ಡಿಕೆ ಎಂಬ ವೈದ್ಯರಿಗೆ 1930ರ ದಶಕದಲ್ಲೇ ಗೋಧಿಯ ಮೇಲೆ ಅನುಮಾನ ಇತ್ತು. 1941ರಲ್ಲಿ ಅದರ ಬಗ್ಗೆ ಬರೆದಿದ್ದರು ಕೂಡ. ಆಮೇಲೆ ಬಂತು 1944-45ರ ಚಳಿಗಾಲ. ನಾಜಿಗಳ ಹಿಡಿತದಲ್ಲಿದ್ದ ಪಶ್ಚಿಮ ಹಾಲೆಂಡಿನಲ್ಲಿ ಅನ್ನಕ್ಕೆ ಹಾಹಾಕಾರ. ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿಂದರು, ಸಾವಿರಾರು ಜನ ಸತ್ತರು. ಅಂಥ ಹಸಿವಿನಲ್ಲಿ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ ಮರಳಿ ಬಂದಾಗ ಮತ್ತೆ ಮಲಗಿದರು. ಡಿಕೆ 1950ರಲ್ಲಿ ತಮ್ಮ ಪ್ರಬಂಧ ಬರೆದರು. ವಾನ್ ಡಿ ಕಾಮರ್ ಮತ್ತು ವೈಯರ್ಸ್ ಎಂಬ ಸಹೋದ್ಯೋಗಿಗಳ ಜೊತೆ ಮಲದಲ್ಲಿ ಹೋಗುವ ಕೊಬ್ಬನ್ನು ಅಳೆದು, ಕೊಬ್ಬು ಹೀಗೆ ಜೀರ್ಣವಾಗದೆ ಹೋಗುವುದಕ್ಕೆ ಗೋಧಿಯೇ ಕಾರಣ ಎಂದು ತೋರಿಸಿದರು. ಅಕ್ಕಿ ಕೊನೆಗೂ ಖುಲಾಸೆ ಆಯಿತು.

ಇಲ್ಲಿಗೆ ವೈದ್ಯರ ಕತೆ ಮುಗಿದು ರೋಗಿಗಳ ಕತೆ ಶುರು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಹೆಸರು ಕೇಳಿದ್ದೀರಲ್ಲ? 1961ರಲ್ಲಿ ಅದನ್ನು ಕಟ್ಟಿದ ಬ್ರಿಟಿಷ್ ವಕೀಲ ಪೀಟರ್ ಬೆನೆನ್ಸನ್ ಅವರಿಗೂ ಸೀಲಿಯಾಕ್ ಇತ್ತು. 1968ರಲ್ಲಿ ಅವರೂ ಎಲಿಜಬೆತ್ ಸೆಗಾಲ್ ಅವರೂ ಸೇರಿ ಬ್ರಿಟನ್ನಿನಲ್ಲಿ ಸೀಲಿಯಾಕ್ ಸೊಸೈಟಿ ಕಟ್ಟಿದರು. ರೋಗಿಗಳೇ ಒಟ್ಟಾಗಿ ಯಾವ ತಿಂಡಿ ತಿನ್ನಬಹುದು ಅಂತ ಪಟ್ಟಿ ಮಾಡಿದರು, ಚಂದಾ ಎತ್ತಿದರು, ಸಂಶೋಧನೆಗೆ ಹಣ ಕೊಟ್ಟರು. ಸೀಲಿಯಾಕ್ ಯುಕೆ ಎಂಬ ಹೆಸರಿನಲ್ಲಿ ಅದು ಇವತ್ತಿಗೂ ಇದೆ.

ಈಗ ನಮ್ಮ ದೇಶಕ್ಕೆ ಬರೋಣ. 1960ರ ದಶಕದಲ್ಲೇ ಉತ್ತರ ಭಾರತದ ಮಕ್ಕಳಲ್ಲಿ ಈ ಕಾಯಿಲೆ ಉಂಟು ಎಂಬ ವರದಿಗಳು ಬಂದಿದ್ದವು. ದಕ್ಷಿಣದಲ್ಲಿ ಅದೇ ಕಾಲಕ್ಕೆ ವೆಲ್ಲೂರಿನ ಸಿಎಮ್‌ಸಿಯ ಸಂಶೋಧಕರು ಹಳ್ಳಿಹಳ್ಳಿ ಸುತ್ತಿ 'ಟ್ರಾಪಿಕಲ್ ಸ್ಪ್ರೂ' ಎಂಬ ಇನ್ನೊಂದು ಕರುಳಿನ ಕಾಯಿಲೆಯ ಬೆನ್ನು ಹತ್ತಿದ್ದರು. ಹಾಗಾಗಿ ಸೀಲಿಯಾಕ್ ಅಂದರೆ ಅದು ರೊಟ್ಟಿ ತಿನ್ನುವ ಉತ್ತರದವರ ಕಾಯಿಲೆ ಎಂಬ ಅಭಿಪ್ರಾಯ ಗಟ್ಟಿಯಾಯಿತು.

ಅದು ಎಷ್ಟು ನಿಜ? 2016ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23,331 ವಯಸ್ಕರ ರಕ್ತ ಪರೀಕ್ಷೆ ಮಾಡಿದರು. ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ರಕ್ತದಲ್ಲಿ ಕಂಡದ್ದು ಉತ್ತರದಲ್ಲಿ ಸಾವಿರಕ್ಕೆ ಸುಮಾರು 12 ಜನರಲ್ಲಿ, ಈಶಾನ್ಯದಲ್ಲಿ ಸುಮಾರು 9, ದಕ್ಷಿಣದಲ್ಲಿ ಬರೇ 1. ದಿನಕ್ಕೆ ಒಬ್ಬರು ತಿನ್ನುವ ಗೋಧಿ ಉತ್ತರದಲ್ಲಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಆದರೆ ಈ ಕಾಯಿಲೆಗೆ ಬೇಕಾದ ವಂಶವಾಹಿ ಗುರುತು ಎಷ್ಟು ಜನರಲ್ಲಿತ್ತು ಗೊತ್ತಾ? ಉತ್ತರದಲ್ಲಿ ನೂರಕ್ಕೆ 38, ದಕ್ಷಿಣದಲ್ಲಿ ನೂರಕ್ಕೆ 36. ಹೆಚ್ಚುಕಡಿಮೆ ಒಂದೇ! ಆ ಗುರುತು ಇದ್ದವರೆಲ್ಲರಿಗೂ ಕಾಯಿಲೆ ಬರುವುದಿಲ್ಲ, ನಿಜ. ಈಶಾನ್ಯದವರು ಗೋಧಿ ತಿನ್ನುವುದು ದಿನಕ್ಕೆ 37 ಗ್ರಾಂ ಮಾತ್ರ, ಆದರೂ ಅಲ್ಲಿ ಕಾಯಿಲೆ ಜಾಸ್ತಿ. ಹಾಗಾಗಿ ಗೋಧಿಯೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಆದರೂ ನನಗೆ ಇಷ್ಟು ಅನ್ನಿಸುತ್ತದೆ. ನಮ್ಮ ಅಕ್ಕಿ ನಮ್ಮನ್ನು ಕಾಯುತ್ತಿತ್ತು. ಜೊತೆಗೆ, ಕಾಯಿಲೆ ಇದ್ದವರನ್ನು ಮರೆಮಾಡುತ್ತಲೂ ಇತ್ತು.

ಮರೆಮಾಡುವುದು ಅಂದರೇನು ಅಂತ ನಮ್ಮ ಮನೆಯಲ್ಲೇ ನೋಡಿದ್ದೇನೆ. ನನ್ನ ಚಿಕ್ಕಪ್ಪನ ಮೊಮ್ಮಗಳು ಬೆಳೆದದ್ದು ದೆಹಲಿಯಲ್ಲಿ. ಸಣಕಲಿ, ಸದಾ ಹೊಟ್ಟೆನೋವು, ಮುಖದಲ್ಲಿ ರಕ್ತವೇ ಇಲ್ಲ. ಬೇಸಿಗೆ ರಜೆಯಲ್ಲಿ ಊರಿಗೆ ಬಂದು ಒಂದೂವರೆ ತಿಂಗಳು ಕುಚ್ಚಲಕ್ಕಿ ಗಂಜಿ, ನೀರುದೋಸೆ, ಪುಂಡಿ ತಿಂದರೆ ಹುಡುಗಿ ಗೆಲುವಾಗುತ್ತಿದ್ದಳು. "ನಮ್ಮೂರಿನ ನೀರು, ಸಮುದ್ರದ ಗಾಳಿ" ಅಂತ ಚಿಕ್ಕಮ್ಮನಿಗೆ ಹೆಮ್ಮೆ. ವಾಪಸು ಹೋದರೆ ಮತ್ತೆ ಅದೇ ಗೋಳು. 11ನೇ ವಯಸ್ಸಿಗೆ ದೆಹಲಿಯಲ್ಲಿ ಒಬ್ಬರು ವೈದ್ಯರು ಪರೀಕ್ಷೆ ಮಾಡಿಸಿದಾಗ ಸೀಲಿಯಾಕ್ ಅಂತ ಗೊತ್ತಾಯಿತು. ಹಾಲೆಂಡಿನ ಆ ಚಳಿಗಾಲದ ಕತೆಯೇ ನಮ್ಮ ಮನೆಯಲ್ಲಿ ಪ್ರತಿ ಮೇ ತಿಂಗಳು ನಡೆಯುತ್ತಿತ್ತು! ಅವಳೀಗ ಚೆನ್ನಾಗಿದ್ದಾಳೆ. ಆದರೆ ಬೆಳೆಯಬೇಕಾದ ವಯಸ್ಸಿನ ಅಷ್ಟು ವರ್ಷಗಳು ಹೋದವಲ್ಲ, ಅವನ್ನು ಯಾರು ಕೊಡುತ್ತಾರೆ?

ಇನ್ನು ಮಂಗಳೂರೇ ಬದಲಾಗಿದೆ. ಇಲ್ಲಿ ತೆನೆ ಹಬ್ಬ, ಹೊಸ ಅಕ್ಕಿ ಊಟ ಎಲ್ಲ ಭತ್ತಕ್ಕೆ ಸೇರಿದ್ದು. ಅಮೆರಿಕದ ಜೊತೆ 1956ರಲ್ಲಿ ಆದ ಪಿಎಲ್-480 ಒಪ್ಪಂದದ ಮೇಲೆ ಹಡಗುಗಟ್ಟಲೆ ಗೋಧಿ ದೇಶಕ್ಕೆ ಬಂತು. ರೇಷನ್ ಅಂಗಡಿಯ ಗೋಧಿಯನ್ನು ಏನು ಮಾಡುವುದೆಂದು ತಿಳಿಯದೆ ಹುರಿದು ಗಂಜಿ ಮಾಡಿದ್ದರ ಬಗ್ಗೆ ನಮ್ಮಜ್ಜಿ ಹೇಳುತ್ತಿದ್ದರು. ಈಗ ಹಾಗಲ್ಲ. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ರಾತ್ರಿ ಪರೋಟ, ನಡುವೆ ಬಿಸ್ಕೆಟ್, ನೂಡಲ್ಸ್, ಎಲ್ಲ ಗೋಧಿ ಅಥವಾ ಮೈದಾ. ಸಾರಿಗೆ ಹಾಕುವ ಡಬ್ಬಿ ಇಂಗಿನಲ್ಲೂ ಎಷ್ಟೋ ಸಲ ಗೋಧಿಹಿಟ್ಟು ಬೆರೆತಿರುತ್ತದೆ, ಡಬ್ಬಿಯ ಹಿಂದೆ ಓದಿ ನೋಡಿ. ಚರ್ಚಿನಲ್ಲಿ ಕೊಡುವ ಪರಮ ಪ್ರಸಾದದ ರೊಟ್ಟಿಯೂ ಗೋಧಿಯದ್ದೇ ಆಗಬೇಕೆಂಬ ನಿಯಮ ಉಂಟು. ಗ್ಲುಟೆನ್ ಪೂರ್ತಿ ತೆಗೆದದ್ದು ನಡೆಯುವುದಿಲ್ಲ, ಅತಿ ಕಡಿಮೆ ಇರುವುದು ನಡೆಯುತ್ತದೆ ಎಂದು ವ್ಯಾಟಿಕನ್ 2003ರಲ್ಲಿ ಪತ್ರ ಬರೆದು ತಿಳಿಸಿತ್ತು. ಇಷ್ಟೊಂದು ಕ್ರೈಸ್ತರಿರುವ ನಮ್ಮ ಊರಿನಲ್ಲಿ ಇದು ಗೊತ್ತಿರಬೇಕಾದ ವಿಷಯ.

ಕಾಯಿಲೆಗೆ ಹಣ ಎತ್ತುವುದು ಮಂಗಳೂರಿಗೆ ಹೊಸದಲ್ಲ. 1880ರಲ್ಲಿ ಜರ್ಮನಿಯ ಪಾದ್ರಿ ಆಗಸ್ಟಸ್ ಮುಲ್ಲರ್ ಕಂಕನಾಡಿಯ ಆಲದ ಮರದಡಿ ಹೋಮಿಯೋಪತಿ ಔಷಧ ಕೊಡಲು ಶುರು ಮಾಡಿದರು. ಔಷಧ ಮಾರಾಟದ ಹಣ, ದಾನದ ಹಣ ಸೇರಿಸಿ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಇವತ್ತಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಅಲ್ಲಿಂದ. 1928ರಲ್ಲಿ ಡಾ. ಟಿ.ಎಂ.ಎ. ಪೈ ಅವರ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ, ಮನೆಬಾಗಿಲಿಗೇ ಬಂದು ವಸೂಲಿ. ಆ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಆದರೆ 'ಪಿಗ್ಮಿ' ಎಂಬ ಪದ ಕರಾವಳಿಯ ಪ್ರತಿ ಅಂಗಡಿಯವರ ಬಾಯಲ್ಲಿ ಉಳಿದಿದೆ.

ನನ್ನ ಆಸೆ ಇಷ್ಟೇ. ಸೀಲಿಯಾಕಿಗೂ ಒಂದು ಪಿಗ್ಮಿ ಆಗಲಿ. ಇಲ್ಲಿ ಮೆಡಿಕಲ್ ಕಾಲೇಜುಗಳಿಗೆ ಬರ ಇಲ್ಲ. ಕಾರಣ ತಿಳಿಯದ ರಕ್ತಹೀನತೆ ಇರುವವರು, ಬೆಳೆಯದ ಮಕ್ಕಳು, ಚಿಕ್ಕಂದಿನಲ್ಲೇ ಇನ್ಸುಲಿನ್ ಬೇಕಾದ ಮಕ್ಕಳು, ಇವರಿಗೆಲ್ಲ ಒಂದು ರಕ್ತ ಪರೀಕ್ಷೆ ಮಾಡಿ ಲೆಕ್ಕ ಇಡಲು ಕೋಟಿಗಟ್ಟಲೆ ಬೇಡ. ದಕ್ಷಿಣದಲ್ಲಿ ಸಾವಿರಕ್ಕೆ 1 ಎಂಬ ಸರಾಸರಿ ಇಟ್ಟುಕೊಂಡು ಸುಮ್ಮನೆ ಕೂತರೆ ಆ ಒಬ್ಬರು ಯಾರು ಅಂತ ಗೊತ್ತಾಗುವುದು ಹೇಗೆ? ಮಾತ್ರೆ ಕೊಟ್ಟು ಲಾಭ ಮಾಡುವ ಕಾಯಿಲೆಯೂ ಇದಲ್ಲ, ಹಾಗಾಗಿ ನಮ್ಮ ಊರಿನ ಲೆಕ್ಕಕ್ಕೆ ಯಾವುದೋ ಕಂಪನಿ ಹಣ ಹಾಕುತ್ತದೆ ಅಂತ ಕಾಯುವುದೂ ಬೇಡ.

ಮೇ 16 ಅಂತಾರಾಷ್ಟ್ರೀಯ ಸೀಲಿಯಾಕ್ ದಿನ. ಮುಂಬೈ, ದೆಹಲಿಯ ನೆಂಟರು ಮಕ್ಕಳ ಜೊತೆ ಹಲಸಿನ ಹಣ್ಣಿಗೆ ಊರಿಗೆ ಬರುವ ಹೊತ್ತು. ಊರಿಗೆ ಬಂದಾಗ ಮಾತ್ರ ಗೆಲುವಾಗುವ ಮಗು ನಿಮ್ಮ ಮನೆಯಲ್ಲೂ ಇದ್ದರೆ ಸಮುದ್ರದ ಗಾಳಿಯನ್ನು ಹೊಗಳಿ ಸುಮ್ಮನಾಗಬೇಡಿ. ಟಿಟಿಜಿ ಎಂಬ ರಕ್ತ ಪರೀಕ್ಷೆಯ ಬಗ್ಗೆ ವೈದ್ಯರ ಹತ್ತಿರ ಕೇಳಿ. ಒಂದು ಮಾತು ನೆನಪಿರಲಿ. ಪರೀಕ್ಷೆಗೆ ಮೊದಲೇ ಗೋಧಿ ಬಿಡಿಸಬೇಡಿ, ಬಿಡಿಸಿದರೆ ಕಾಯಿಲೆ ಪರೀಕ್ಷೆಯಿಂದಲೂ ತಪ್ಪಿಸಿಕೊಂಡೀತು. ಒಬ್ಬರಿಗೆ ಇದೆ ಅಂತಾದರೆ ಅಪ್ಪ, ಅಮ್ಮ, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇಷ್ಟನ್ನು ನಿಮ್ಮ ಪುಟಗಳಲ್ಲೂ ನಿಮ್ಮ ಮಾತಿನಲ್ಲಿ ಬರೆದರೆ ಅದೇ ಮೊದಲ ಎರಡಾಣೆ. ಏನಂತೀರಿ?