ಜಪಾನೀಯರ ಚಹಾವಿಧಿಯ ಭಕ್ಷ್ಯದ ಬೋಗುಣಿ

ಜಪಾನೀಯರ ಚಹಾವಿಧಿಯಲ್ಲಿ ಸಿಹಿತಿನಿಸುಗಳನ್ನಿಟ್ಟು ಅತಿಥಿಗಳ ಮುಂದಿಡುವ ಬೋಗುಣಿಗೆ ‘ಕಶಿಬಚಿ’ ಎಂದು ಹೆಸರು. ‘ಕಶಿ’ ಎಂದರೆ ಭಕ್ಷ್ಯ. ‘ಹಚಿ’ ಎಂದರೆ ಬೋಗುಣಿ. ಹದಿನೇಳನೆಯ ಶತಮಾನದ ಆದಿಭಾಗದ ಮೆರುಗಿನ ಬೋಗುಣಿಗಳನ್ನೂ ಇಂದು ಈ ಹೆಸರಿನಿಂದ ಕರೆಯುವುದುಂಟು. ಆದರೆ ಕೇವಲ ಹೆಸರನ್ನು ನಂಬಿ, ಅವು ಸಿಹಿತಿನಿಸಿಗಾಗಿಯೇ ಹುಟ್ಟಿದವೆಂದು ನಿರ್ಣಯಿಸುವುದು ಯುಕ್ತವಾಗಲಾರದು.

ಉದಾಹರಣೆಗೆ ‘ಒರಿಬೆ’ ಎಂಬ ಬಗೆಯ ಬೋಗುಣಿಗಳನ್ನು ತೆಗೆದುಕೊಳ್ಳೋಣ. ಚಹಾಗುರುವಾದ ಸೆನ್ ನೊ ರಿಕ್ಯೂನ (1522–1591) ಶಿಷ್ಯನೂ ಯೋಧನೂ ಆಗಿದ್ದ ಫುರುತ ಒರಿಬೆಯ (1544–1615) ಹೆಸರು ಇವಕ್ಕೆ ಬಂದಿದೆ. ಒಂದು ಭಾಗದ ಮೇಲೆ ತಾಮ್ರ ಬೆರೆತ ಮೆರುಗು ಹಸುರಾಗಿ ಹರಿದಿರುತ್ತದೆ. ಉಳಿದೆಡೆ ತಿಳಿಮೆರುಗಿನ ಅಡಿಯಲ್ಲಿ ಕಬ್ಬಿಣದ ಬಣ್ಣದಿಂದ ಬರೆದ ಚಿತ್ತಾರವು ಕಂದಾಗಿ ಕಾಣುತ್ತದೆ. ಇವುಗಳನ್ನೂ ‘ಶಿನೊ’ ಪಾತ್ರೆಗಳನ್ನೂ ಸೆತೊ ಪಟ್ಟಣದ ಕೃತಿಗಳೆಂದೇ ಬಹುಕಾಲ ಭಾವಿಸಿದ್ದರು. 1930ರಲ್ಲಿ ಅರಕವ ತೊಯೊಜೊ ಎಂಬ ಕುಂಬಾರನು ಮಿನೊ ಪ್ರಾಂತದ ಓಗಯದ ಹಳೆಯ ಆವಿಗೆಯ ಬಳಿ ಶಿನೊ ಪಾತ್ರೆಯ ಚೂರೊಂದನ್ನು ಕಂಡುಹಿಡಿದನು. ಆ ಬಳಿಕ ಈ ಎರಡು ಬಗೆಗಳೂ ಮಿನೊ ಪ್ರಾಂತದವೆಂಬುದು ಸ್ಥಿರಪಟ್ಟಿತು. ರೂಢಿಯ ಮಾತಿಗಿಂತ ಒಂದು ಮಡಕೆಯ ಚೂರು ಪ್ರಬಲವಾದ ಸಾಕ್ಷ್ಯವಾಯಿತು.

ಹುಟ್ಟಿದ ಊರಿನ ವಿಷಯದಲ್ಲಿ ಹೇಗೋ, ಉಪಯೋಗದ ವಿಷಯದಲ್ಲಿಯೂ ಹಾಗೆಯೇ ಎಚ್ಚರವು ಅವಶ್ಯಕ. ‘ಕಶಿ’ ಎಂಬ ಶಬ್ದಕ್ಕೆ ಮೊದಲು ಹಣ್ಣುಕಾಯಿಗಳೆಂದೇ ಅರ್ಥವಿದ್ದಿತು. ರಿಕ್ಯೂನ ಗೋಷ್ಠಿಗಳಲ್ಲಿ ಬಡಿಸುತ್ತಿದ್ದುದು ಹುರಿದ ಚೆಸ್ಟ್‌ನಟ್ ಬೀಜ, ಗೋದಿಹಿಟ್ಟನ್ನು ದೋಸೆಯಂತೆ ತೆಳುವಾಗಿ ಹುಯ್ದು ಸುರುಳಿ ಸುತ್ತಿದ ‘ಫುನೊಯಕಿ’ ಮುಂತಾದುವು. ಸಕ್ಕರೆಯು ನಾಗಸಾಕಿ ಬಂದರಿಗೆ ಚೀನೀಯರ ಮತ್ತು ಡಚ್ಚರ ಹಡಗುಗಳಲ್ಲಿ ಬರುತ್ತಿದ್ದ ದುರ್ಲಭವಸ್ತು. ಕ್ಯೋತೊ ನಗರದಲ್ಲಿ ಸಕ್ಕರೆಯ ನವುರಾದ ಭಕ್ಷ್ಯಗಳು ಬೆಳೆದುದು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ. ಶೋಗುನ್ ಯೊಶಿಮುನೆಯು (ಆಳ್ವಿಕೆ 1716–1745) ದೇಶದಲ್ಲಿಯೇ ಕಬ್ಬಿನ ಬೆಳೆಗೆ ಪ್ರೋತ್ಸಾಹವಿತ್ತನು. ಆದಕಾರಣ ಒರಿಬೆಯ ಕಾಲದ ಬೋಗುಣಿಗಳು ಈಗಿನ ಭಕ್ಷ್ಯಗಳಿಗಿಂತ ಹಿರಿಯವು. ಅವುಗಳಲ್ಲಿ ಅನೇಕವು ಚಹಾಕ್ಕೆ ಮೊದಲು ಬಡಿಸುವ ಊಟದ ವ್ಯಂಜನಗಳಿಗೆ ಒದಗಿದ್ದುವೆಂಬುದು ನಿಸ್ಸಂಶಯ.

ಈಗಿನ ಪದ್ಧತಿಯನ್ನೂ ನೋಡತಕ್ಕದ್ದು. ವಿಧ್ಯುಕ್ತವಾದ ದೀರ್ಘಗೋಷ್ಠಿಯಲ್ಲಿ ಮುಖ್ಯಭಕ್ಷ್ಯವನ್ನು ಅರಗಿನ ಮೆರುಗಿನ ಪೆಟ್ಟಿಗೆಗಳಲ್ಲಿ ತರುವರು, ಒಣತಿನಿಸುಗಳಿಗೆ ತಟ್ಟೆಯುಂಟು. ಸರಳಗೋಷ್ಠಿಯಲ್ಲಿ ಮೆತ್ತನೆಯ ಭಕ್ಷ್ಯಗಳು ಬೋಗುಣಿಯಲ್ಲಿ ಬರುವುವು. ಮುಖ್ಯ ಅತಿಥಿಯು ನೆರೆಯವನಿಗೆ ವಂದಿಸಿ, ಕಡ್ಡಿಗಳಿಂದ ಒಂದನ್ನೆತ್ತಿ ಕಾಗದದ ಮೇಲಿರಿಸಿಕೊಂಡು, ಬೋಗುಣಿಯನ್ನು ಮುಂದಕ್ಕೆ ಸಾಗಿಸುವನು. ಚಹಾ ಬರುವ ಮೊದಲೇ ಭಕ್ಷ್ಯವನ್ನು ತಿಂದು ಮುಗಿಸಬೇಕು. ಕೈಯಿಂದ ಕೈಗೆ ಹೋಗುತ್ತ ಬೋಗುಣಿಯು ಬರಿದಾದಂತೆಲ್ಲ ಅದರ ಒಳಮೈಯ ಹಸುರು ಹೊರಪಡುತ್ತದೆ.

ಒಂದು ಕಾರ್ಯಕ್ಕಾಗಿ ಮಾಡಿದ ವಸ್ತುವನ್ನು ಮತ್ತೊಂದಕ್ಕೆ ಅಳವಡಿಸುವುದನ್ನು ಚಹಾವಿಧಿಯವರು ‘ಮಿತತೆ’ ಎಂದು ಕರೆದು ಗೌರವಿಸುವರು. ಹೀಗಿರುವಲ್ಲಿ ‘ಕಶಿಬಚಿ’ ಎಂಬ ಹೆಸರು ತಪ್ಪೆಂದು ನಾವು ಹೇಳುವುದಿಲ್ಲ. ಅದು ಬೋಗುಣಿಯನ್ನು ಬಳಸಿದವರು ಇತ್ತ ಹೆಸರು. ಮಾಡಿದವನ ಉದ್ದೇಶವನ್ನು ತಿಳಿಯಬೇಕಾದರೆ ಆವಿಗೆಯ ಚೂರುಗಳನ್ನೂ ಅಂದಿನ ಊಟದ ಪಟ್ಟಿಗಳನ್ನೂ ಪರಿಶೀಲಿಸಬೇಕು.